ಅಶ್ಮರಿಯೂ ಔಷಧಪರೀಕ್ಷೆಯೂ

ಕಲ್ಲುರೋಗವು ಮಾನವಕುಲಕ್ಕೆ ಹೊಸತಲ್ಲ. ಸುಶ್ರುತ ಸಂಹಿತೆಯು ಇದನ್ನು ‘ಅಶ್ಮರಿ’ ಎಂಬ ಹೆಸರಿನಿಂದ ನಿರೂಪಿಸಿ, ಮೂತ್ರಾಶಯದ ಕಲ್ಲನ್ನು ಶಸ್ತ್ರಕ್ರಿಯೆಯಿಂದ ತೆಗೆಯುವ ವಿಧಾನವನ್ನೂ ವಿವರಿಸಿದೆ. ಮೂತ್ರಪಿಂಡದಲ್ಲಿ ಹುಟ್ಟಿದ ಕಲ್ಲು ಮೂತ್ರಾಶಯಕ್ಕೆ ಇಳಿಯುವ ಮಾರ್ಗವೇ ಮೂತ್ರನಾಳ. ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದದ ಈ ಕಿರುನಾಳದಲ್ಲಿ ಕಲ್ಲು ಸಿಲುಕಿದರೆ ಮೂತ್ರದ ಹರಿವು ತಡೆದು, ಪಕ್ಕೆಯಿಂದ ತೊಡೆಸಂದಿಯವರೆಗೆ ದುಸ್ಸಹವಾದ ಶೂಲೆಯುಂಟಾಗುತ್ತದೆ.

ನಾಳದ ಸ್ನಾಯುವನ್ನು ಸಡಿಲಿಸಿದರೆ ಕಲ್ಲು ತಾನೇ ಇಳಿದೀತೆಂಬುದು ವೈದ್ಯರ ತರ್ಕ. ಅಡ್ರಿನಲಿನ್ ಮೊದಲಾದ ದ್ರವ್ಯಗಳಿಗೆ ಓಗೊಡುವ ಗ್ರಾಹಕಗಳನ್ನು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಆಲ್ಫಾ, ಬೀಟಾ ಎಂದು ವಿಂಗಡಿಸಿದನು. ಬೀಟಾ ಗ್ರಾಹಕಗಳನ್ನು ತಡೆಯುವ ಪ್ರೊಪ್ರನೊಲಾಲ್ ಎಂಬ ಹೃದಯೌಷಧವನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್‌ನಿಗೆ 1988ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಮೂತ್ರನಾಳದಲ್ಲಿ ಈ ಎರಡು ಬಗೆಯ ಗ್ರಾಹಕಗಳೂ ಇವೆ. ಆಲ್ಫಾ ಪ್ರಚೋದನೆಯಿಂದ ಸ್ನಾಯು ಬಿಗಿಯುತ್ತದೆ, ಬೀಟಾ ಪ್ರಚೋದನೆಯಿಂದ ಸಡಿಲಗೊಳ್ಳುತ್ತದೆ. ಆದುದರಿಂದ ಬೀಟಾ ತಡೆಯುವ ಔಷಧವು ಈ ಸಡಿಲಿಕೆಗೇ ಅಡ್ಡಿಯಾಗಬಲ್ಲದು. ಕಲ್ಲಿಳಿಸಲು ವೈದ್ಯರು ಆರಿಸಿದುದು ಆಲ್ಫಾವನ್ನು ತಡೆಯುವ ಟ್ಯಾಮ್ಸುಲೋಸಿನ್ ಮುಂತಾದ ಔಷಧಗಳನ್ನು.

ತರ್ಕವು ಸೊಗಸಾದರೂ ಅದು ಪ್ರಮಾಣವಾಗಲಾರದು. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ 24 ಆಸ್ಪತ್ರೆಗಳ ಸಾವಿರಕ್ಕೂ ಮಿಕ್ಕ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಟ್ಯಾಮ್ಸುಲೋಸಿನ್, ಇನ್ನೊಂದಕ್ಕೆ ಸ್ನಾಯು ಸಡಿಲಿಸುವ ನಿಫೆಡಿಪಿನ್, ಮತ್ತೊಂದಕ್ಕೆ ಔಷಧಗುಣವಿಲ್ಲದ ಮಾತ್ರೆಯನ್ನು ಕೊಡಲಾಯಿತು. ನಾಲ್ಕು ವಾರಗಳೊಳಗೆ ಬೇರೆ ಚಿಕಿತ್ಸೆಯ ಅಗತ್ಯ ಬೀಳದವರು ಅನುಕ್ರಮವಾಗಿ ನೂರಕ್ಕೆ 81, 80, 80! ಮೂರನೆಯ ಗುಂಪಿಲ್ಲದಿದ್ದರೆ ಪ್ರಕೃತಿಯ ಗೆಲುವೆಲ್ಲವೂ ಔಷಧದ ಲೆಕ್ಕಕ್ಕೆ ಸೇರಿಬಿಡುತ್ತಿತ್ತು. ಆದರೂ ವಿಚಾರ ಅಲ್ಲಿಗೇ ಮುಗಿಯಲಿಲ್ಲ. ಮೂತ್ರನಾಳದ ಕೆಳಭಾಗದ ಕಲ್ಲುಗಳನ್ನೇ ಆರಿಸಿಕೊಂಡು ಚೀನಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯು, 5 ಮಿಲಿಮೀಟರಿಗಿಂತ ದೊಡ್ಡ ಕಲ್ಲುಗಳಿಗೆ ಟ್ಯಾಮ್ಸುಲೋಸಿನ್ ನೆರವಾಗುವುದೆಂದು ತೋರಿಸಿತು. ಕಲ್ಲಿನ ಗಾತ್ರ, ಸ್ಥಾನಗಳನ್ನರಿಯದೆ ಔಷಧದ ಗುಣಾವಗುಣಗಳನ್ನು ನಿರ್ಣಯಿಸಲಾಗದೆಂಬುದು ಇದರಿಂದ ಸ್ಪಷ್ಟ.

ಇದರಲ್ಲಿ ಗೃಹಸ್ಥರಿಗೂ ಪಾಠವುಂಟು. ಹೃದ್ರೋಗಕ್ಕಾಗಿ ಬೀಟಾ ತಡೆಯುವ ಮಾತ್ರೆ ಸೇವಿಸುವವರು ಕಲ್ಲಿನ ಭಯದಿಂದ ಅದನ್ನು ತಾವಾಗಿಯೇ ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವೊದಗಬಹುದು. ಶೂಲೆಯೊಡನೆ ಜ್ವರ, ನಡುಕ ಕಂಡರೆ, ಅಥವಾ ಮೂತ್ರ ಕಟ್ಟಿದರೆ, ಕಲ್ಲು ಇಳಿದೀತೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಅರಿವು ಆಚಾರದ ಒರೆಗಲ್ಲಿನಲ್ಲಿ ತೇರ್ಗಡೆಯಾಗಬೇಕೆಂಬುದು ಶರಣಧರ್ಮದ ತಿರುಳು. ವೈದ್ಯಶಾಸ್ತ್ರಕ್ಕೂ ಅದೇ ನ್ಯಾಯ ಸಲ್ಲುತ್ತದೆ.