ಪಾಠ: ಕಾರಿನ ಚಾವಣಿ ಬಟ್ಟೆ – ಮೊದಲು ಅಳತೆ, ಆಮೇಲೆ ಕತ್ತರಿ



ಹಳೆಯ ಕಾರಿನಲ್ಲಿ ನೀವು ಯಾವಾಗಲಾದರೂ ಕೂತಿದ್ದೀರಾ? ಮೇಲಿನ ಬಟ್ಟೆ ಜೋತು ಬಿದ್ದು ತಲೆಗೆ ತಾಗಿದೆಯಾ? ಕುಶನ್ ಕೆಲಸದವರು ಈ ಬಟ್ಟೆಯನ್ನು ‘ರೂಫ್ ಲೈನಿಂಗ್’ ಎನ್ನುತ್ತಾರೆ. ನಾವು ಚಾವಣಿ ಬಟ್ಟೆ ಎನ್ನೋಣ.

ಜೋತು ಬಿದ್ದ ಬಟ್ಟೆ ನೋಡಲು ಚೆನ್ನಾಗಿಲ್ಲ, ಅಷ್ಟೇ ಅಲ್ಲ. ಅದು ಹಿಂದಿನ ಗಾಜನ್ನು ಮರೆ ಮಾಡುತ್ತದೆ. ಆಗ ಹಿಂದೆ ಬರುವ ಲಾರಿ ಡ್ರೈವರನ ಕನ್ನಡಿಯಲ್ಲಿ ಕಾಣುವುದಿಲ್ಲ. ಮೇಟ್ಟುಪಾಳ್ಯಂ ಘಾಟಿಯ ತಿರುವಿನಲ್ಲಿ, ಅದೂ ಮಂಜು ಕವಿದಾಗ, ಇದು ಪ್ರಾಣಕ್ಕೇ ಅಪಾಯ.

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮಾರುತಿ 800 ಕೂಡ ಅದೇ ವರ್ಷ ನಿಂತಿತು. ಇಂಥ ಕಾರುಗಳನ್ನು ಇಟ್ಟುಕೊಂಡವರು ಚಾವಣಿ ಬಟ್ಟೆಯನ್ನು ಹೊಲಿಸಿಯೇ ಹಾಕಿಸಬೇಕಾಗುತ್ತದೆ. ಹೊಲಿಗೆ ಬಲ್ಲವರಿಗೆ ಇದು ಒಂದು ಕೆಲಸ, ನಾಲ್ಕು ಕಾಸು.

ಒಬ್ಬ ಅಕ್ಕನ ಅನುಭವ

ನಮ್ಮ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಟೈಲರ್. ಒಂದು ಹಳೆಯ ಅಂಬಾಸಡರ್‌ಗೆ ಬಟ್ಟೆ ಹೊಲಿಯಲು ಒಪ್ಪಿಕೊಂಡರು. ಹಳೆ ಬಟ್ಟೆ ಕೊಳಕಾಗಿತ್ತು. ಕಾರಿನ ಅಣ್ಣ ಅದನ್ನು ಕಿತ್ತು ಒಲೆಗೆ ಹಾಕಿಬಿಟ್ಟರು. ಅಕ್ಕ ಬರೀ ಚಾವಣಿ ಅಳೆದು ಹೊಸ ಬಟ್ಟೆ ಕತ್ತರಿಸಿದರು. ಹೊಲಿದು ಹಾಕಿದರೆ 8 ಇಂಚು ಕಡಿಮೆ!

“ಅಣ್ಣಾ, ಬಟ್ಟೆ ಸಾಲಲಿಲ್ಲ” ಎಂದರು.

“ನಾನೇನು ಮಾಡಲಿ ಅಕ್ಕಾ?” ಎಂದರು ಆ ಅಣ್ಣ.

ಬಟ್ಟೆಯ ದುಡ್ಡು ಅಕ್ಕನ ಕೂಲಿಯಲ್ಲೇ ಹೋಯಿತು. ಅಕ್ಕನ ಕೈಕೆಲಸ ಬಹಳ ಚೆನ್ನಾಗಿದೆ. ತಪ್ಪಿದ್ದು ಹೊಲಿಗೆಯಲ್ಲ, ಲೆಕ್ಕ. ಹೇಗೆ ತಪ್ಪಿತು? ಮುಂದೆ ಓದಿ.

ಎರಡು ಬಗೆಯ ಚಾವಣಿ

1. ಕಂಬಿ ಚಾವಣಿ: ತುಂಬಾ ಹಳೆಯ ಕಾರುಗಳಲ್ಲಿ ಬಟ್ಟೆಯ ಮೇಲ್ಬದಿಯಲ್ಲಿ ಅಡ್ಡ ಮಡಿಕೆಗಳಿರುತ್ತವೆ. ಲಂಗಕ್ಕೆ ಲಾಡಿ ಹಾಕಲು ಮಡಿಕೆ ಹೊಲಿಯುತ್ತೇವಲ್ಲ, ಹಾಗೆಯೇ. ಅದರೊಳಗೆ ಲಾಡಿಯ ಬದಲು ಬಾಗಿದ ಕಂಬಿ ಇರುತ್ತದೆ. ಕಂಬಿಗಳೇ ಬಟ್ಟೆಯನ್ನು ಎತ್ತಿ ಹಿಡಿಯುತ್ತವೆ.

2. ಹಲಗೆ ಚಾವಣಿ: ನಂತರ ಬಂದ ಕಾರುಗಳಲ್ಲಿ ರಟ್ಟಿನಂಥ ಹಲಗೆ ಇರುತ್ತದೆ. ಅದಕ್ಕೆ ತೆಳು ಸ್ಪಂಜು ಇರುವ ಬಟ್ಟೆ ಅಂಟಿಸಿರುತ್ತಾರೆ. ಬಿಸಿಲಿಗೂ ತೇವಕ್ಕೂ ಸ್ಪಂಜು ವರ್ಷಾನುಗಟ್ಟಲೆ ಸವೆದು ಪುಡಿಯಾಗುತ್ತದೆ. ಆಗ ಬಟ್ಟೆ ಕಳಚಿ ಬೀಳುತ್ತದೆ. ಗುಂಡುಸೂಜಿ ಚುಚ್ಚಿದರೆ ನಾಲ್ಕು ದಿನ ನಿಲ್ಲಬಹುದು. ಅದೇ ಬಟ್ಟೆಗೆ ಮತ್ತೆ ಗಮ್ ಹಚ್ಚಿದರೂ ಪ್ರಯೋಜನವಿಲ್ಲ. ಪುಡಿಯ ಮೇಲೆ ಗಮ್ ಹಿಡಿಯುವುದಿಲ್ಲ.

ಎರಡೇ ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಚಾವಣಿ ಇನ್ನೂ ತಗ್ಗು. ಬಟ್ಟೆ ಸ್ವಲ್ಪ ಇಳಿದರೂ ತಲೆಗೆ ತಾಗುತ್ತದೆ. ಆದರೆ ಕೆಲಸದ ಕ್ರಮ ಇದೇ.

ಲೆಕ್ಕ ನೋಡೋಣ

ಅಕ್ಕ ಅಳೆದ ಚಾವಣಿ: ಉದ್ದ 60 ಇಂಚು, ಅಗಲ 48 ಇಂಚು. ಚಾವಣಿ ಬಾಗಿರುತ್ತದೆ. ಆದ್ದರಿಂದ ಟೇಪನ್ನೂ ಬಾಗಿಸಿಯೇ ಅಳೆಯಬೇಕು.

ಅಂಚು ಮಡಚಲು ಪ್ರತಿ ಬದಿಗೂ 3 ಇಂಚು ಬೇಕು.
ಅಗಲ: 48 + 3 + 3 = 54 ಇಂಚು.
ಉದ್ದ: 60 + 3 + 3 = 66 ಇಂಚು.

ಅಕ್ಕ ಇಲ್ಲಿಗೇ ನಿಲ್ಲಿಸಿದರು. ಕಂಬಿಯ ಮಡಿಕೆ ಮರೆತೇ ಹೋಯಿತು. 1 ಇಂಚು ಆಳದ ಒಂದು ಮಡಿಕೆ 2 ಇಂಚು ಬಟ್ಟೆ ತಿನ್ನುತ್ತದೆ. ಕಂಬಿ 4. ಹಾಗಾದರೆ 4 × 2 = 8 ಇಂಚು.
ಸರಿಯಾದ ಉದ್ದ: 66 + 8 = 74 ಇಂಚು.

2 ಮೀಟರ್ ಎಂದರೆ 78 ಇಂಚಿಗಿಂತ ಸ್ವಲ್ಪ ಹೆಚ್ಚು. 54 ಇಂಚು ಅಗಲದ ಬಟ್ಟೆ 2 ಮೀಟರ್ ತಂದರೆ ಸಾಕು.

ಹಳೆ ಬಟ್ಟೆ ಇದ್ದಿದ್ದರೆ ಆ ಮಡಿಕೆಗಳು ಕಣ್ಣೆದುರಿಗೇ ಇರುತ್ತಿದ್ದವು. ಅದಕ್ಕೇ ಹೇಳುವುದು: ಕೆಲಸ ಮುಗಿಯುವ ತನಕ ಹಳೆ ಬಟ್ಟೆ ಬಿಸಾಡಬೇಡಿ. ಅದೇ ನಿಮ್ಮ ಪಠ್ಯಪುಸ್ತಕ.

ಕೆಲಸದ ಕ್ರಮ (ಕಂಬಿ ಚಾವಣಿ)

1. ಮಳೆ ನೀರು ಒಳಗೆ ಬರುತ್ತದೆಯೇ ನೋಡಿ. ತುಕ್ಕು ಹಿಡಿದ ತೂತು, ಹಳಸಿದ ಗಾಜಿನ ರಬ್ಬರ್ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಇಲ್ಲದಿದ್ದರೆ ಹೊಸ ಬಟ್ಟೆಗೂ ಕಲೆ ಬೀಳುತ್ತದೆ.
2. ಬ್ಯಾಟರಿ ವೈರ್ ಬಿಡಿಸಿ. ಒಳದೀಪ, ಕನ್ನಡಿ, ಹಿಡಿಕೆ, ಬಾಗಿಲ ಬೀಡಿಂಗ್ ಬಿಚ್ಚಿ. ಸ್ಕ್ರೂಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಹೆಸರು ಬರೆಯಿರಿ.
3. ಕೆಲವು ಕಾರುಗಳಲ್ಲಿ ಬಟ್ಟೆಯ ಅಂಚು ಗಾಜಿನ ರಬ್ಬರಿನ ಕೆಳಗೆ ಹೋಗಿರುತ್ತದೆ. ಗಾಜು ತೆಗೆಯುವುದನ್ನು ಮೆಕ್ಯಾನಿಕ್‌ಗೆ ಬಿಡಿ.
4. ಮುಂದಿನಿಂದ ಹಿಂದಕ್ಕೆ ಕಂಬಿಗಳಿಗೆ 1, 2, 3, 4 ಎಂದು ಗುರುತು ಹಾಕಿ. ಕಂಬಿಗಳ ಬಾಗು ಒಂದೇ ತರಹ ಇರುವುದಿಲ್ಲ. ಅದಲು ಬದಲಾದರೆ ಬಟ್ಟೆ ಸುಕ್ಕಾಗುತ್ತದೆ.
5. ಹಳೆ ಬಟ್ಟೆಯನ್ನು ಹರಿಯದೆ ಇಳಿಸಿ, ಹೊಲಿಗೆ ಬಿಚ್ಚಿ, ಹೊಸ ಬಟ್ಟೆಯ ಮೇಲೆ ಹಾಸಿ. ಮಡಿಕೆಯ ಜಾಗಕ್ಕೂ ನಡು ಗೆರೆಗೂ ಚಾಕ್‌ಪೀಸಿನಿಂದ ಗುರುತು ಮಾಡಿ.
6. ಕತ್ತರಿಸಿ, ಹೊಲಿಯಿರಿ. ಕಂಬಿಗಳನ್ನು ಅದೇ ಕ್ರಮದಲ್ಲಿ ಸೇರಿಸಿ ಕಾರಿನೊಳಗೆ ನಿಲ್ಲಿಸಿ.
7. ನಡುವಿನಿಂದ ಶುರು ಮಾಡಿ. ಮೊದಲು ಮುಂದೆ, ಹಿಂದೆ ಎಳೆದು ಕ್ಲಿಪ್ ಹಾಕಿ. ಆಮೇಲೆ ಪಕ್ಕಗಳನ್ನು ಎಳೆಯಿರಿ. ಸುಕ್ಕು ಹೋದ ಮೇಲೆ ಅಂಚಿಗೆ ರಬ್ಬರ್ ಗಮ್ ಹಚ್ಚಿ, ಸ್ವಲ್ಪ ಆರಿದ ಬಳಿಕ ಒತ್ತಿ. ದೀಪದ ಜಾಗವನ್ನು ಕೊನೆಗೆ ಕತ್ತರಿಸಿ.

ಹಲಗೆ ಚಾವಣಿಗೆ ಕಂಬಿ, ಮಡಿಕೆ ಇಲ್ಲ. ಹಲಗೆಯನ್ನು ಹೊರಗೆ ತೆಗೆದು ಹಳೆ ಸ್ಪಂಜಿನ ಪುಡಿಯನ್ನು ಬ್ರಷ್‌ನಿಂದ ಪೂರ್ತಿ ಉಜ್ಜಿ ತೆಗೆಯಿರಿ. ಅರ್ಧ ಭಾಗ ಅಂಟಿಸಿ, ಆಮೇಲೆ ಉಳಿದ ಅರ್ಧ ಅಂಟಿಸಿ. ಅಂಗೈಯಿಂದ ನಡುವಿನಿಂದ ಅಂಚಿಗೆ ಸವರುತ್ತಾ ಹೋಗಿ.

ಎಚ್ಚರಿಕೆ

ಗಮ್ ಡಬ್ಬದ ಮೇಲಿನ ಸೂಚನೆ ಓದಿ. ಬೆಂಕಿಯ ಚಿತ್ರ ಇದೆಯೇ? ಈ ಗಮ್ಮಿನ ಆವಿಗೆ ಬೇಗ ಬೆಂಕಿ ಹತ್ತುತ್ತದೆ. ಹತ್ತಿರ ಬೀಡಿ, ಒಲೆ, ದೀಪ ಬೇಡ. ಕಾರಿನ ಬಾಗಿಲುಗಳನ್ನು ತೆರೆದಿಡಿ. ತಲೆ ಸುತ್ತಿದರೆ ಕೂಡಲೇ ಹೊರಗೆ ಬನ್ನಿ. ಪುಡಿ ಉಜ್ಜುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ನಮ್ಮ ಕಡೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಹಿಂಗಾರು ಮಳೆ. ತೇವದಲ್ಲಿ ಗಮ್ ಆರುವುದು ನಿಧಾನ. ಬಿಸಿಲಿರುವ ದಿನ ನೋಡಿ ಕೆಲಸ ಹಿಡಿಯಿರಿ.

ಆ ಅಕ್ಕ ಈಗ ಏನು ಮಾಡುತ್ತಾರೆ?

ಎರಡನೇ ಕಾರು ಬಂದಾಗ ಅಕ್ಕ ಮೊದಲು ನೋಟ್‌ಬುಕ್ ತೆಗೆದರು. ಉದ್ದ, ಅಗಲ, ಅಂಚು, ಮಡಿಕೆ ನಾಲ್ಕನ್ನೂ ಬರೆದರು. ಕೂಲಿ ಎಷ್ಟು, ಬಟ್ಟೆ ಯಾರದು ಎಂಬುದನ್ನೂ ಬರೆದರು. ಕಾರಿನವರ ಸಹಿ ಹಾಕಿಸಿ, ಕೆಳಗೆ ತಾವೂ ಸಹಿ ಹಾಕಿದರು. ಹೆಬ್ಬೆಟ್ಟಲ್ಲ, ಸಹಿ. ಆ ಸಲ ಬಟ್ಟೆ ಸಾಲದೆ ಬರಲಿಲ್ಲ, ಕೂಲಿಯೂ ಪೂರ್ತಿ ಕೈಗೆ ಬಂತು.

ಅಭ್ಯಾಸ

1. ಜೋರಾಗಿ ಓದಿ, ಬರೆಯಿರಿ: ಚಾವಣಿ, ಕಂಬಿ, ಮಡಿಕೆ, ಅಂಚು, ಹಲಗೆ, ಎಚ್ಚರಿಕೆ.
2. ಒಂದು ಕಾರಿನ ಚಾವಣಿ ಉದ್ದ 54 ಇಂಚು. ಕಂಬಿ 3. ಎಷ್ಟು ಉದ್ದದ ಬಟ್ಟೆ ಬೇಕು? ಒಂದೂವರೆ ಮೀಟರ್, ಅಂದರೆ 59 ಇಂಚು, ಸಾಕೇ?
3. ಬಟ್ಟೆ ಮೀಟರಿಗೆ 250 ರೂಪಾಯಿ ಎಂದುಕೊಳ್ಳಿ. 2 ಮೀಟರ್ ಬಟ್ಟೆ, ಗಮ್ 150, ದಾರ 30, ಕೂಲಿ 600 ರೂಪಾಯಿ. ಬಿಲ್ ಬರೆದು ಒಟ್ಟು ಕೂಡಿಸಿ, ತಾರೀಖು ಹಾಕಿ, ಸಹಿ ಮಾಡಿ.
4. ನಿಮ್ಮ ಕೆಲಸದಲ್ಲಿ ಬರೆದಿಡದೆ ನಷ್ಟವಾದದ್ದು ಇದೆಯೇ? ಐದು ಸಾಲು ಬರೆದು ಕೇಂದ್ರದಲ್ಲಿ ಓದಿ ಹೇಳಿ.