ಪಟ್ಟಿಯಲ್ಲಿಲ್ಲದ ಕರ್ತವ್ಯ



ರಾಜ್ಯಶಾಸ್ತ್ರ ತರಗತಿಯಲ್ಲಿ ಅಧಿಕಾರಿಗಳ ಉತ್ತರದಾಯಿತ್ವದ ಮಾತು ಬಂದಾಗ ನಾನು ನ್ಯೂಜಿಲೆಂಡಿನ ಉದಾಹರಣೆ ಕೊಡುತ್ತೇನೆ. ಅಲ್ಲಿ 1988ರ ಸ್ಟೇಟ್ ಸೆಕ್ಟರ್ ಕಾಯ್ದೆ ಇಲಾಖಾ ಮುಖ್ಯಸ್ಥರ ಕಾಯಂ ಹುದ್ದೆಯನ್ನು ರದ್ದುಪಡಿಸಿ, ಗರಿಷ್ಠ 5 ವರ್ಷಗಳ ಅವಧಿಯ ನೇಮಕವನ್ನು ಜಾರಿಗೆ ತಂದಿತು. ಮುಖ್ಯಸ್ಥರು ಸಚಿವರೊಂದಿಗೆ ಕಾರ್ಯಸಾಧನಾ ಒಪ್ಪಂದ ಮಾಡಿಕೊಳ್ಳುವ ಪದ್ಧತಿಯೂ ಬಂತು.

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿ ನೋಡಬೇಕು. ಎಷ್ಟು ಮಕ್ಕಳಿಗೆ ಲಸಿಕೆ ಹಾಕಲಾಯಿತು ಎಂಬುದು ‘ಕೆಲಸ’. ರೋಗ ಕಡಿಮೆಯಾಯಿತೇ ಎಂಬುದು ‘ಫಲ’. ಕೆಲಸಕ್ಕೆ ಅಧಿಕಾರಿ ಹೊಣೆ, ಫಲಕ್ಕೆ ಸಚಿವರು ಹೊಣೆ ಎಂದು ಅಲ್ಲಿ ಹಂಚಿಕೊಂಡರು.

ಆದರೆ 1995ರ ಏಪ್ರಿಲ್ 28ರಂದು ಕೇವ್ ಕ್ರೀಕ್‌ನಲ್ಲಿ ಸಂರಕ್ಷಣಾ ಇಲಾಖೆ ಕಟ್ಟಿದ್ದ ವೀಕ್ಷಣಾ ವೇದಿಕೆ ಕುಸಿದು 14 ಮಂದಿ ಸತ್ತರು. ಅವರಲ್ಲಿ 13 ಮಂದಿ ನಿಮ್ಮಂತೆಯೇ ವಿದ್ಯಾರ್ಥಿಗಳು. ಬೋಲ್ಟ್ ಹಾಕಬೇಕಾದಲ್ಲಿ ಮೊಳೆ ಹೊಡೆದಿದ್ದರು. ಇಡೀ ವ್ಯವಸ್ಥೆಯೇ ವಿಫಲವಾಗಿದೆ ಎಂದು ವಿಚಾರಣಾ ಆಯೋಗ ಹೇಳಿತು. ಸಚಿವರು 1996ರಲ್ಲಿ ಆ ಖಾತೆಗೆ ರಾಜೀನಾಮೆ ಕೊಟ್ಟರು. ಮೊಕದ್ದಮೆ ಮಾತ್ರ ಯಾರ ಮೇಲೂ ನಡೆಯಲಿಲ್ಲ.

ಅದೇ ವರ್ಷ ಅಲ್ಲಿನ ಸುಧಾರಣೆಗಳನ್ನು ಪರಿಶೀಲಿಸಿದ ಅಮೆರಿಕದ ವಿದ್ವಾಂಸ ಅಲೆನ್ ಶಿಕ್, ಉತ್ತರದಾಯಿತ್ವ ಬೇರೆ, ಜವಾಬ್ದಾರಿ ಬೇರೆ ಎಂದು ತೋರಿಸಿದರು. ಮೊದಲನೆಯದನ್ನು ಪಟ್ಟಿ ಮಾಡಿ ಅಳೆಯಬಹುದು, ಎರಡನೆಯದು ಮನಸ್ಸಿನಲ್ಲಿರಬೇಕು. ಒಪ್ಪಂದ ಬೇಡವೆಂದು ನಾನು ಹೇಳುತ್ತಿಲ್ಲ. ಬರೆದಿಟ್ಟರೆ ಕೇಳುವ ಹಕ್ಕು ಬರುತ್ತದೆ. ಆದರೆ ಬರೆದಷ್ಟೇ ಕರ್ತವ್ಯವೆಂದು ಅಧಿಕಾರಿ ತಿಳಿದರೆ, ಮೊಳೆಯೋ ಬೋಲ್ಟೋ ಎಂದು ನೋಡುವವರು ಯಾರು?