ಕೇದಾರಕ್ಕೆ ಹೊರಟವರೇ, ಎರಡು ರಾತ್ರಿ ತಡೆಯಿರಿ

ಆಫೀಸು ಮುಗಿಸಿ ನೋಯ್ಡಾದಿಂದಲೋ ಗುರುಗ್ರಾಮದಿಂದಲೋ ರಾತ್ರೋರಾತ್ರಿ ಕಾರು ಹತ್ತಿ, ಎರಡೇ ದಿನದಲ್ಲಿ ಕೇದಾರನಾಥನ ದರ್ಶನ ಮುಗಿಸುವ ಲೆಕ್ಕಾಚಾರ ಬೇಡ. ದೆಹಲಿ ಇರುವುದು 200 ಮೀಟರ್ ಚಿಲ್ಲರೆ ಎತ್ತರದಲ್ಲಿ, ಕೇದಾರ ಸುಮಾರು 3,580 ಮೀಟರ್‌ನಲ್ಲಿ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿಯದರ ಮೂರನೇ ಎರಡು ಭಾಗದಷ್ಟು. ದಿನವೂ ಲೋಧಿ ಗಾರ್ಡನ್‌ನಲ್ಲಿ ಓಡುತ್ತೇನೆ ಎನ್ನುತ್ತೀರಿ. ಓಡಿದರೆ ಕಾಲು ಗಟ್ಟಿಯಾಗುತ್ತದೆ, ಸರಿ; ಎತ್ತರಕ್ಕೆ ಒಗ್ಗಲು ಮೈಗೆ ಬೇಕಾದದ್ದು ಸಮಯ. ಗಟ್ಟಿಮುಟ್ಟಾದವರೇ ದಡದಡನೆ ಹತ್ತಿ ಮೊದಲು ಮಲಗುವುದುಂಟು. ಹಿಂದಿನವರು ಹೋಗಿ ಬರಲಿಲ್ಲವೇ ಎಂದರೆ, ಅವರು ಹೃಷಿಕೇಶದಿಂದಲೇ ದಾರಿಯ ತಂಗುದಾಣಗಳಾದ ಚಟ್ಟಿಗಳಲ್ಲಿ ತಂಗುತ್ತಾ ದಿನಗಟ್ಟಲೆ ನಡೆದವರು. ಆ ನಿಧಾನವೇ ಅವರನ್ನು ಕಾಯುತ್ತಿತ್ತು. ಅಲ್ಲಿನ ಪ್ರಧಾನ ಅರ್ಚಕರಾದ ರಾವಲರ ಪರಂಪರೆ ನಮ್ಮ ವೀರಶೈವರದೇ ಎಂಬ ಸಲಿಗೆಯನ್ನಂತೂ ಬೆಟ್ಟ ನೋಡುವುದಿಲ್ಲ.

ಗುಪ್ತಕಾಶಿಯಲ್ಲೊಂದು, ಗೌರಿಕುಂಡದಲ್ಲೊಂದು ರಾತ್ರಿ ತಂಗಿ ಆಮೇಲೆ ಹತ್ತಿ. ಹೆಲಿಕಾಪ್ಟರ್ ಇದೆಯಲ್ಲ ಎನ್ನಬೇಡಿ. ಅದು ಕಾಲಿನ ಶ್ರಮ ಉಳಿಸಿ, ಒಗ್ಗಿಕೊಳ್ಳುವ ಸಮಯವನ್ನೇ ಕಿತ್ತುಕೊಳ್ಳುತ್ತದೆ. ಬಿ.ಪಿ., ಹೃದಯದ ತೊಂದರೆ ಇದ್ದವರು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ದಾರಿಯಲ್ಲಿ ತಲೆನೋವು, ವಾಕರಿಕೆ ಬಂದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮುಂದೆ ಹೋಗಬೇಡಿ, ಅಲ್ಲೇ ನಿಲ್ಲಿ. ಕಡಿಮೆಯಾಗದಿದ್ದರೆ, ಹೆಜ್ಜೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ, ಗುಡಿ ಕಣ್ಣೆದುರಿಗಿದ್ದರೂ ಯಾರನ್ನಾದರೂ ಜೊತೆಗೆ ಕರೆದುಕೊಂಡು ಕೆಳಗಿಳಿಯಿರಿ.